ಗೇಣಿಗಿಂತ ಗಿಡ್ಡ ಮೀನು, 37 ವರ್ಷದ ಆಯಸ್ಸು

ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಇಪ್ಪತ್ತು-ಮೂವತ್ತರ ಸೈಟು ಎಂದರೆ 600 ಚದರ ಅಡಿ. ಅಷ್ಟೇ ಜಾಗವನ್ನು ಆಸ್ಟ್ರೇಲಿಯಾದ ತಣ್ಣೀರಿನ ಕಡಲಬಂಡೆಗಳ ಮೇಲೆ ಹಾಸಿ ನೋಡಿ. ಅದರಲ್ಲಿ ಪಾರ್ಮಾ ಎಂಬ ಡ್ಯಾಮ್ಸೆಲ್ ಮೀನಿನ ಹಲವು ಸಂಸಾರಗಳು ಹಿಡಿಸುತ್ತವೆ! ಒಂದೊಂದಕ್ಕೆ ಕೆಲವೇ ಚದರ ಮೀಟರ್ ಬಂಡೆ. ಗಡಿ ದಾಟಿ ಬಂದದ್ದು ತನಗಿಂತ ದೊಡ್ಡ ಮೀನಾದರೂ ಸರಿ, ಅಟ್ಟಿಸಿಕೊಂಡು ಹೋಗುತ್ತದೆ.

ಈ ಕುಲದಲ್ಲಿ 10 ಪ್ರಭೇದಗಳಿವೆ. ಅವುಗಳಲ್ಲಿ ಸಿಡ್ನಿ ಕಡೆಯ ಬಿಳಿಕಿವಿ ಪಾರ್ಮಾ ಗೇಣುದ್ದವೂ ಇಲ್ಲ. ಆದರೆ ಅದರ ಕಿವಿಯೊಳಗಿನ ಪುಟ್ಟ ಕಲ್ಲಿನ ಉಂಗುರಗಳನ್ನು ಎಣಿಸಿದವರಿಗೆ ಸಿಕ್ಕ ಗರಿಷ್ಠ ವಯಸ್ಸು 37 ವರ್ಷ! ಅಂದರೆ 13,500 ಹಗಲು, 13,500 ರಾತ್ರಿ. 23ಕ್ಕೆ ಸರ್ಕಾರಿ ಕೆಲಸಕ್ಕೆ ಸೇರಿ 60ಕ್ಕೆ ನಿವೃತ್ತರಾದವರ ಇಡೀ ಸೇವಾವಧಿ. ನಮ್ಮ ಮನೆಯಲ್ಲಿ ಒಂದರ ನಂತರ ಒಂದರಂತೆ ಮೂರು ನಾಯಿಗಳು ಬಾಳಿ ಮುಗಿಸುವಷ್ಟು ಕಾಲ.

ಬೆಂಗಳೂರಿಂದ ಸಿಡ್ನಿಗೆ ಸುಮಾರು 9,300 ಕಿಲೋಮೀಟರ್. ಪಾರ್ಮಾ ಬದುಕುವ, ಆಸ್ಟ್ರೇಲಿಯಾದ ದಕ್ಷಿಣ ತೀರದುದ್ದಕ್ಕೂ ಹಬ್ಬಿರುವ ಬಂಡೆಸಾಲು 8,000 ಕಿಲೋಮೀಟರ್, ಇಲ್ಲಿಂದ ಸಿಡ್ನಿಗಿರುವ ದೂರಕ್ಕಿಂತ ಸ್ವಲ್ಪವೇ ಕಡಿಮೆ! ಕಾರವಾರದಿಂದ ಉಳ್ಳಾಲದಾಚೆಯವರೆಗಿನ ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್; ಅಂಥ 25 ಕರಾವಳಿಗಳನ್ನು ಒಂದಕ್ಕೊಂದು ಗಂಟು ಹಾಕಬೇಕು. ಆ ಬಂಡೆಸಾಲಿನ ವಿಸ್ತಾರ 71,000 ಚದರ ಕಿಲೋಮೀಟರ್. ನೂರು ಬೆಂಗಳೂರುಗಳು! ಒಂದು ಬೆಂಗಳೂರಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಲು ನಮಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಬೇಕಾಗಿಲ್ಲ.

ನೆಂಟರೂ ಕಡಿಮೆಯಿಲ್ಲ. ಡ್ಯಾಮ್ಸೆಲ್ ಕುಟುಂಬದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬೆಚ್ಚಗಿನ ನೀರಿನಲ್ಲೂ ಈ ಬಳಗವಿದೆ.

ಈಗ ವಯಸ್ಸಿಗೆ ಬನ್ನಿ. ಇಟಲಿಯ ಬೋಲ್ಕಾದಲ್ಲಿ ಸಿಕ್ಕ ಈ ಕುಟುಂಬದ ಪಳೆಯುಳಿಕೆಗಳಿಗೆ ಸುಮಾರು 5 ಕೋಟಿ ವರ್ಷ. ಸೆಕೆಂಡಿಗೆ ಒಂದು ವರ್ಷದಂತೆ ಎಣಿಸುತ್ತಾ ಹಿಂದಕ್ಕೆ ಹೋಗಿ. ಬಿಳಿಕಿವಿಯ ದೀರ್ಘಾಯಸ್ಸು 37 ಸೆಕೆಂಡಿಗೆ ಮುಗಿಯಿತು. ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ಕ್ಕೆ ಎಂಟೇ ನಿಮಿಷ. ಬೋಲ್ಕಾದ ಮೀನನ್ನು ಮುಟ್ಟಲು? ನಿದ್ದೆಯಿಲ್ಲದೆ, ಊಟವಿಲ್ಲದೆ 579 ದಿನ!

ಮೀನು ಬಿಟ್ಟು ಬಂಡೆಯನ್ನೇ ಎಣಿಸಲು ಹೊರಟರೆ ಹೆಗ್ಗನಹಳ್ಳಿಯೇ ಗೆಲ್ಲುತ್ತದೆ. ಬೋರ್‌ವೆಲ್ ಕೊರೆಯುವಾಗ ಬೂದಿಯಂತೆ ಪುಡಿ ಹಾರುತ್ತದಲ್ಲ, ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ಎತ್ತಿರುವ ಅದೇ ಶಿಲೆಯ ಬಳಗ, ಅದಕ್ಕೆ ಸುಮಾರು 300 ಕೋಟಿ ವರ್ಷ. ಇವತ್ತು ಹುಟ್ಟಿದ ಮಗು ಈಗಲೇ ಎಣಿಕೆ ಶುರು ಮಾಡಿದರೆ, ಮುಗಿಸುವ ಹೊತ್ತಿಗೆ ಅದಕ್ಕೆ 95 ತುಂಬಿರುತ್ತದೆ.