ನೆಟ್ಟಗೆ ಕೂತರಷ್ಟೇ ಸಾಕೆ?

“ನೆಟ್ಟಗೆ ಕೂತ್ಕೊಳ್ಳೋ, ಗೂನು ಬೆನ್ನಾದೀತು!” ಪರೀಕ್ಷೆ ಹತ್ತಿರವಾದಂತೆ ಮನೆಮನೆಯಲ್ಲೂ ಕೇಳಿಬರುವ ಮಾತಿದು. ಹೇಳಿದ ಕೂಡಲೆ ಹುಡುಗ ಎದೆಯುಬ್ಬಿಸಿ ಕೂರುತ್ತಾನೆ. ಅಮ್ಮ ಅಡುಗೆಮನೆ ಸೇರುವಷ್ಟರಲ್ಲಿ ಮತ್ತೆ ಪುಸ್ತಕದ ಮೇಲೆ ಬಾಗಿರುತ್ತಾನೆ. ಇದನ್ನು ಸೋಮಾರಿತನ ಎನ್ನುವವರೇ ಹೆಚ್ಚು. ಬಹಳ ಸಲ ಅದು ಬರೀ ದಣಿವು.

ನಮ್ಮ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಅದು ಕುತ್ತಿಗೆಯ ನೇರಕ್ಕಿದ್ದಾಗ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಪುಸ್ತಕದತ್ತಲೋ ಮೊಬೈಲಿನತ್ತಲೋ ಬಾಗಿದಾಗ ಕತ್ತಿನ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟಕ್ಕೆ ಒರಗಿಸಿಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ. ಐದು ನಿಮಿಷವಾದರೆ ಚಿಂತೆಯಿಲ್ಲ, ಎರಡು ಗಂಟೆಯಾದರೆ ನೋವು ಬಾರದಿದ್ದೀತೆ?

ಹಾಗೆಂದು ಸದಾ ಕಂಬದಂತೆ ಕೂತರೂ ಪ್ರಯೋಜನವಿಲ್ಲ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಸೊಂಟದ ಮೂಳೆಗಳ ನಡುವಿನ ಡಿಸ್ಕ್‌ಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಕೂತಾಗಲೇ ಒತ್ತಡ ಹೆಚ್ಚೆಂದು ಕಂಡಿತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆ ಬೇರೆಯೇ ಕಥೆ ಹೇಳಿತು. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಒರಗಿ ಕೂತಾಗ ಒತ್ತಡ, ನೆಟ್ಟಗೆ ಕೂತಾಗಿನದಕ್ಕಿಂತ ಎಷ್ಟೋ ಕಡಿಮೆಯಿತ್ತು! ಅವರು ಅಳೆದದ್ದು ಒಬ್ಬನೇ ವ್ಯಕ್ತಿಯಲ್ಲಿ ಎಂಬುದನ್ನೂ ಮರೆಯಬಾರದು. ಎಲ್ಲರಿಗೂ, ಎಲ್ಲ ಹೊತ್ತಿಗೂ ಒಪ್ಪುವ ಒಂದೇ ‘ಸರಿಯಾದ ಭಂಗಿ’ ಇದೆಯೆಂದು ಇಂದಿನ ತಜ್ಞರು ಹೇಳುವುದಿಲ್ಲ. ಭಂಗಿ ಬದಲಾಗುತ್ತಿರಬೇಕು ಎನ್ನುತ್ತಾರೆ.

ಆದ್ದರಿಂದ ಓದುವ ಮಕ್ಕಳು ಅರ್ಧ ಗಂಟೆಗೊಮ್ಮೆ ಏಳಲಿ. ನೀರು ಕುಡಿಯಲಿ, ಭುಜ ತಿರುಗಿಸಲಿ, ಅಂಗಳಕ್ಕೆ ಹೋಗಿ ಬರಲಿ. ಸ್ವಲ್ಪ ಹೊತ್ತು ಮೇಜು, ಸ್ವಲ್ಪ ಹೊತ್ತು ಚಕ್ಕಳಮಕ್ಕಳ, ಸ್ವಲ್ಪ ಹೊತ್ತು ಗೋಡೆಗೆ ಒರಗುವುದು. ಎದ್ದು ಓಡಾಡಿದರೆ ಓದಿದ್ದು ಮರೆತುಹೋಗುತ್ತದೆ ಎಂಬ ಭಯ ಪಾಲಕರಿಗೆ ಬೇಡ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ, ವಾರದಲ್ಲಿ 3 ದಿನವಾದರೂ ಸ್ನಾಯು ಮತ್ತು ಮೂಳೆ ಬಲಗೊಳಿಸುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕಬಡ್ಡಿ, ಹಗ್ಗದಾಟ, ಕುಂಟೆಬಿಲ್ಲೆ ಯಾವುದಾದರೂ ಸರಿ. ಗಣಿತದ ಮೇಷ್ಟ್ರು ಪಿ.ಟಿ. ಪಿರಿಯಡ್ ಬೇಡಿ ಪಡೆಯುವ ಶಾಲೆಗಳಲ್ಲಿ ಇದು ಹೇಗೆ ಸಾಧ್ಯವೋ!

ಇನ್ನು ಪಾಟೀಚೀಲ. ಅದರ ಭಾರದಿಂದ ಮಕ್ಕಳು ಮುಂದಕ್ಕೆ ಬಾಗಿ ನಡೆಯುವಂತಾಗಿದೆ ಎಂದು 1989ರಲ್ಲೇ ರಾಜ್ಯಸಭೆಯಲ್ಲಿ ದೂರಿದವರು ನಮ್ಮ ಮೈಸೂರಿನ ಆರ್.ಕೆ. ನಾರಾಯಣ್. ಅದರ ಬೆನ್ನಲ್ಲೇ ಬಂದ ಯಶಪಾಲ್ ಸಮಿತಿಯ ವರದಿ 1993ರದು. ಕರ್ನಾಟಕ ಸರ್ಕಾರ 2019ರಲ್ಲಿ 1-2ನೇ ತರಗತಿಗೆ 2 ಕಿಲೋ, 9-10ನೇ ತರಗತಿಗೆ 5 ಕಿಲೋ ಮೀರಬಾರದೆಂದು ಆದೇಶಿಸಿತು. ಕೇಂದ್ರದ 2020ರ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಹತ್ತನೇ ಒಂದು ಪಾಲನ್ನು ದಾಟಬಾರದು. 30 ಕಿಲೋ ತೂಗುವ ಹುಡುಗಿಗೆ 3 ಕಿಲೋ. ಒಮ್ಮೆ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿ. ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು, ಭಾರದ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಇಡುವುದು ಒಳ್ಳೆಯದು.

ಮಕ್ಕಳ ಬೆನ್ನುನೋವು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆದರೆ ರಾತ್ರಿ ನಿದ್ದೆಗೆಡಿಸುವ ನೋವು, ಜೊತೆಗೆ ಜ್ವರ, ಕಾಲು ಜೋಮು ಹಿಡಿಯುವುದು, ಮೂತ್ರದ ಹಿಡಿತ ತಪ್ಪುವುದು, ಬಾಗಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿ ಕಾಣುವುದು – ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಮಾಡುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.