ಇಪ್ಪತ್ತೆರಡು ನಿಮಿಷದ ಕಛೇರಿ

ಪುಣೆಯ ಮಂಗಳವಾರ ಪೇಟೆಯಲ್ಲಿ ಸಂತೆ ಸೇರುವುದು ಬುಧವಾರ ಮತ್ತು ಭಾನುವಾರ. ಜುನಾ ಬಜಾರ್ ಅಂತ ಹೆಸರು. ಸ್ಪ್ಯಾನರು, ಹಿತ್ತಾಳೆ ಬೀಗ, ಚಲಾವಣೆ ಇಲ್ಲದ ನಾಣ್ಯ, ಕೆಟ್ಟ ಕ್ಯಾಮೆರಾಗಳ ರಾಶಿಯ ನಡುವೆ ಅದೃಷ್ಟವಿದ್ದವರ ಕಣ್ಣಿಗೆ ಗ್ರಾಮಫೋನ್ ರೆಕಾರ್ಡುಗಳೂ ಬೀಳುತ್ತವೆ. ಪಳಗಿದವರು ರೆಕಾರ್ಡನ್ನು ಕವರಿನಿಂದ ಎಳೆದು ಬಿಸಿಲಿಗೆ ಓರೆಯಾಗಿ ಹಿಡಿಯುತ್ತಾರೆ. ಗೀರು ಇದ್ದರೆ ಕಾಣುತ್ತದೆ. ಹಾಡು ಹಾಡಿನ ನಡುವೆ ಬಿಟ್ಟ ನುಣುಪಾದ ಪಟ್ಟಿಗಳೂ ಕಾಣುತ್ತವೆ. ಐದಾರು ಪಟ್ಟಿಗಳಿದ್ದರೆ ಅದು ಸಿನಿಮಾ ಹಾಡುಗಳದ್ದೋ ಮಾಮೂಲಿ ಪಾಪ್ ಸಂಗೀತದ್ದೋ ಇರಬೇಕು. ಅಂಚಿನಿಂದ ಲೇಬಲ್ಲಿನವರೆಗೆ ಒಂದೂ ಪಟ್ಟಿಯಿಲ್ಲದೆ ಕಪ್ಪು ಬಯಲು ಹರಡಿದ್ದರೆ ಎರಡೇ ಊಹೆ: ಒಂದೋ ಹಿಂದುಸ್ತಾನಿ, ಇಲ್ಲವೇ ಎಪ್ಪತ್ತರ ದಶಕದ ರಾಕ್ ತಂಡವೊಂದರ ಲೈವ್ ಆಲ್ಬಮ್.

ಇವೆರಡಕ್ಕೂ ನಂಟು ಹುಡುಕುವುದು ವಿಚಿತ್ರ ಅನ್ನಿಸಬಹುದು. ಆದರೆ ಎರಡರ ಕಷ್ಟವೂ ಒಂದೇ. ರಾತ್ರಿಯಿಡೀ ನಡೆಯಬಹುದಾದ ಸಂಗೀತವನ್ನು ಒಂದು ತಟ್ಟೆಯ ಮೇಲೆ ಕೂರಿಸಬೇಕು.

ಈ ಕಷ್ಟವನ್ನು ಅರ್ಥ ಮಾಡಿಕೊಳ್ಳಲು ಪುಣೆಗಿಂತ ಒಳ್ಳೆಯ ಊರಿಲ್ಲ. 1933ರಲ್ಲಿ ಗದುಗಿನಿಂದ ಹನ್ನೊಂದರ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಒಂದು 78 ಆರ್‌ಪಿಎಂ ರೆಕಾರ್ಡು, ಮೂರು ಚಿಲ್ಲರೆ ನಿಮಿಷದ ಠುಮ್ರಿ. ಮುಂದೆ ಆ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ, ಪುಣೆಯಲ್ಲಿ ನೆಲೆಸಿದ. ಗುರು 1952ರಲ್ಲಿ ತೀರಿಕೊಂಡ ಮರುವರ್ಷದಿಂದಲೇ ಅವರ ಹೆಸರಿನಲ್ಲಿ ಉತ್ಸವ ನಡೆಸತೊಡಗಿದ. ಭೀಮಸೇನ ಜೋಶಿಯವರ ಈ ಉತ್ಸವದಲ್ಲಿ ಸಂಗೀತ ಅಹೋರಾತ್ರಿ ನಡೆಯುತ್ತಿತ್ತು, ಬೆಳಗಿನ ಜಾವಕ್ಕೆ ಕೊನೆಯವರಾಗಿ ಭೀಮಸೇನರು ಹಾಡಲು ಕೂರುತ್ತಿದ್ದರು. ಅದೇ ಭೀಮಸೇನರು ಎಲ್‌ಪಿಗೆ ಹಾಡುವಾಗ ರಾಗವನ್ನು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕಿತ್ತು.

ಇಪ್ಪತ್ತು ನಿಮಿಷವೇ ಯಾಕೆ? ಎಲ್‌ಪಿ ಹನ್ನೆರಡು ಇಂಚಿನ ತಟ್ಟೆ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ಎಂದು ಲೆಕ್ಕ ಹಾಕಿದರೆ ಜಾಗ ಧಾರಾಳವಾಗಿಯೇ ಕಾಣುತ್ತದೆ. ತೊಡಕಿರುವುದು ಸದ್ದಿನಲ್ಲಿ. ಸದ್ದು ಜೋರಾದಷ್ಟೂ, ಅದರಲ್ಲೂ ಬೇಸ್ ಗಿಟಾರು ಮತ್ತು ಡ್ರಮ್ಮಿನ ತಗ್ಗು ಸ್ವರಗಳಿಗೆ, ಸುರುಳಿ ಗೀರು ಅತ್ತಿತ್ತ ಹೆಚ್ಚು ಓಲಾಡುತ್ತದೆ, ಅಗಲ ಜಾಗ ಬೇಡುತ್ತದೆ. ಹೆಚ್ಚು ಹೊತ್ತಿನ ಸಂಗೀತ ತುರುಕಬೇಕಾದರೆ ಸದ್ದನ್ನೇ ತಗ್ಗಿಸಬೇಕು. ಸಾಲದ್ದಕ್ಕೆ ಮುಳ್ಳು ಲೇಬಲ್ಲಿನ ಹತ್ತಿರ ಹೋದಂತೆ ಸುತ್ತು ಚಿಕ್ಕದಾಗಿ ಸ್ವರದ ಸ್ಪಷ್ಟತೆ ಕೆಡುತ್ತದೆ. ಹಾಗಾಗಿ ಒಂದು ಬದಿಗೆ ಇಪ್ಪತ್ತೆರಡು ನಿಮಿಷದ ಆಸುಪಾಸು ಎಂಬುದು ಕಾರ್ಖಾನೆಯವರು ಒಪ್ಪುವ ಮಿತಿ. ತಂಬೂರಿ, ತಬಲಾದ ಸಂಗೀತಕ್ಕೆ ಕೊಂಚ ರಿಯಾಯಿತಿ ಉಂಟು. ಕಿವಿಗಡಚಿಕ್ಕುವ ರಾಕ್‌ಗೆ ಅದೂ ಇಲ್ಲ.

ಹೀಗಾಗಿ ಎರಡು ತಟ್ಟೆಯ ಲೈವ್ ಆಲ್ಬಮ್ ಎಂಬ ಪ್ರಕಾರವೇ ಬೆಳೆಯಿತು. ಅದರ ಅಚ್ಚುಮೆಚ್ಚಿನ ಮಾದರಿ ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾ, 17ರಂದು ಟೋಕಿಯೊದ ಬುಡೊಕಾನ್. ಒಟ್ಟು ಮೂರು ರಾತ್ರಿಯ ಧ್ವನಿಮುದ್ರಣ. ಆಲ್ಬಮ್ ಬೇಕೆಂದದ್ದು ಜಪಾನಿನ ರೆಕಾರ್ಡು ಕಂಪನಿ. ತಂಡಕ್ಕೆ ಅದರ ಮೇಲೆ ಅಷ್ಟೇನೂ ಆಸೆ ಇರಲಿಲ್ಲ. ತಮ್ಮದೇ ಎಂಜಿನಿಯರ್ ಮಾರ್ಟಿನ್ ಬರ್ಚ್ ಇರಬೇಕೆಂದು ಹಟ ಹಿಡಿದರು, ಅಷ್ಟೆ. ಆಮೇಲೆ ಮಿಕ್ಸಿಂಗ್‌ಗೆ ಹಾಡುಗಾರ ಇಯಾನ್ ಗಿಲನ್ ಬರಲಿಲ್ಲ, ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಕೂಡ ಬರಲಿಲ್ಲ. ಅಸಡ್ಡೆಯಿಂದ ಹುಟ್ಟಿದ ಈ ಆಲ್ಬಮ್ಮನ್ನು ರಾಕ್ ರಸಿಕರು ಇವತ್ತಿಗೂ ಎತ್ತರದಲ್ಲಿಡುತ್ತಾರೆ.

ನಾಲ್ಕು ಬದಿ, ಏಳೇ ಹಾಡು. ಕೊನೆಯ ಬದಿ ಪೂರ್ತಿ ‘ಸ್ಪೇಸ್ ಟ್ರಕಿನ್’ ಒಂದಕ್ಕೇ ಮೀಸಲು, ಸುಮಾರು ಇಪ್ಪತ್ತು ನಿಮಿಷ. ಸ್ಟುಡಿಯೋದಲ್ಲಿ ಅದೇ ಹಾಡು ಐದು ನಿಮಿಷವೂ ಇರಲಿಲ್ಲ! ಖ್ಯಾಲ್ ಕೇಳಿದ ಕಿವಿಗೆ ಹೆಚ್ಚು ಹಿಡಿಸುವುದು ಮಾತ್ರ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ನಡುಭಾಗ. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ನುಡಿಸುತ್ತಾನೆ, ಗಿಲನ್ ಅದನ್ನು ಗಂಟಲಿನಲ್ಲಿ ಹಾಗೇ ಒಪ್ಪಿಸುತ್ತಾನೆ. ತುಣುಕು ಏರುತ್ತಾ ಹೋಗುತ್ತದೆ, ಗಂಟಲೂ ಬಿಡದೆ ಬೆನ್ನಟ್ಟುತ್ತದೆ, ಕಡೆಗೆ ಕಿರುಚಾಟ. ಅಪ್ಪಟ ಸವಾಲ್-ಜವಾಬ್. ಒಸಾಕಾದ ಬದಲು ಪುಣೆಯಲ್ಲಾಗಿದ್ದರೆ ಸಭೆಯಿಂದ ನಾಲ್ಕು ‘ಕ್ಯಾ ಬಾತ್ ಹೈ’ ಬಂದೇ ಬರುತ್ತಿತ್ತು. ತಂಡ 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬರುವ ಹೊತ್ತಿಗೆ ಬ್ಲ್ಯಾಕ್‌ಮೋರ್ ಅದನ್ನು ಬಿಟ್ಟು ವರ್ಷಗಳಾಗಿದ್ದವು. ನಮ್ಮವರಿಗೆ ಆ ಜೋಡಿ ದಕ್ಕಿದ್ದು ರೆಕಾರ್ಡಿನಲ್ಲಿ ಮಾತ್ರ.

ಆಲ್‌ಮನ್ ಬ್ರದರ್ಸ್ ತಂಡದ ‘ಅಟ್ ಫಿಲ್ಮೋರ್ ಈಸ್ಟ್’ (1971) ಬೇರೆಯೇ ಧಾಟಿಯದು. ಅವಸರವಿಲ್ಲ, ಆಲಾಪದಂತೆ ಬಿಚ್ಚಿಕೊಳ್ಳುತ್ತದೆ. ನ್ಯೂಯಾರ್ಕಿನ ಥಿಯೇಟರಿನಲ್ಲಿ ಮಾರ್ಚ್ ತಿಂಗಳಲ್ಲಿ ಮುದ್ರಿಸಿಕೊಂಡದ್ದು. ಇದರಲ್ಲೂ ನಾಲ್ಕು ಬದಿಗೆ ಏಳೇ ಹಾಡು. ಕೊನೆಯ ‘ವಿಪ್ಪಿಂಗ್ ಪೋಸ್ಟ್’ ಇಪ್ಪತ್ತಮೂರು ನಿಮಿಷ, ಅಂದರೆ ತಟ್ಟೆ ತಾಳುವ ಕಡೆಯ ಅಂಚಿಗೆ ಬಂದು ನಿಲ್ಲುತ್ತದೆ. ಅದು ಮುಗಿಯುತ್ತಿದ್ದಂತೆ ತಂಡ ಇನ್ನೊಂದನ್ನು ಎತ್ತಿಕೊಳ್ಳುವ ಸದ್ದು ಕೇಳಿಸುತ್ತದೆ, ಅಷ್ಟರಲ್ಲಿ ರೆಕಾರ್ಡು ಮುಗಿಯುತ್ತದೆ. ಆ ಇನ್ನೊಂದೇ ‘ಮೌಂಟನ್ ಜ್ಯಾಮ್’. ಅದು ಹೊರಬಂದದ್ದು 1972ರ ಆಲ್ಬಮ್ಮಿನಲ್ಲಿ. ಅರ್ಧ ಗಂಟೆ ಮೀರಿದ ಆ ವಾದನ ಒಂದು ಬದಿಗೆ ಹಿಡಿಸಲಿಲ್ಲ. ಅರ್ಧ ಎರಡನೇ ಬದಿಯಲ್ಲಿ, ಉಳಿದರ್ಧ ನಾಲ್ಕನೇ ಬದಿಯಲ್ಲಿ. ಕೇಳುಗ ನಡುವೆ ಎದ್ದು ತಟ್ಟೆ ಬದಲಿಸಬೇಕು. ಗಿಟಾರ್ ನುಡಿಸಿದ ಡುವೇನ್ ಆಲ್‌ಮನ್ ಅಷ್ಟರಲ್ಲಾಗಲೇ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ.

ಎರಡು ಲೋಕಗಳು ಒಂದೇ ಡಬ್ಬಿಯಲ್ಲಿ ಕೂತದ್ದು ‘ದಿ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಆಲ್ಬಮ್ಮಿನಲ್ಲಿ. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ರವಿಶಂಕರ್ ಕೇಳಿಕೊಂಡರು, ಜಾರ್ಜ್ ಹ್ಯಾರಿಸನ್ ಗೆಳೆಯರನ್ನೆಲ್ಲ ಸೇರಿಸಿದ. ಮೂರು ಎಲ್‌ಪಿಗಳಲ್ಲಿ ಒಂದು ಬದಿ ಪೂರ್ತಿ ಬಾಬ್ ಡಿಲನ್‌ಗೆ. ಮೊದಲ ಬದಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಅವರಿಗೆ. ಇವರು ವಾದ್ಯ ಶ್ರುತಿ ಮಾಡಿಕೊಂಡು ನಿಲ್ಲಿಸುತ್ತಿದ್ದಂತೆ ಸಭೆ ಭರ್ಜರಿ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಯವಾಗಿ ಅಂದರು. ಜಾಗಕ್ಕೆ ಅಷ್ಟು ಬರವಿದ್ದ ಕಾಲದಲ್ಲೂ ಆ ಚಪ್ಪಾಳೆಯನ್ನು ಕತ್ತರಿಸದೆ ಉಳಿಸಿದ್ದು ಒಳ್ಳೆಯದಾಯಿತು. 1973ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಇದಕ್ಕೇ ಬಂತು.

ಲೈವ್ ಅಂದಮೇಲೆ ಎಲ್ಲವೂ ಅಲ್ಲೇ ಆ ಕ್ಷಣ ನಡೆದದ್ದೇ? ಅಷ್ಟು ನಂಬಬೇಕಿಲ್ಲ. ಕಿಸ್ ತಂಡದ ‘ಅಲೈವ್!’ (1975) ಸ್ಟುಡಿಯೋದಲ್ಲಿ ಸಾಕಷ್ಟು ತಿದ್ದುಪಡಿ ಕಂಡಿದೆ. ಥಿನ್ ಲಿಝಿಯ ‘ಲೈವ್ ಅಂಡ್ ಡೇಂಜರಸ್’ (1978) ಮುಕ್ಕಾಲು ಪಾಲು ಮತ್ತೆ ನುಡಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿಯೇ ಹೇಳಿದ, ತಂಡದವರು ಒಪ್ಪಲಿಲ್ಲ. ಪುಣೆಯಿಂದ ನೂರು ಕಿಲೋಮೀಟರ್ ದೂರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದಿ, ಅಲ್ಲೇ ‘ಹೆಕ್ಟಿಕ್ಸ್’ ಎಂಬ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದ ಫಾರೂಖ್ ಬಲ್ಸಾರಾ ಎಂಬ ಪಾರ್ಸಿ ಹುಡುಗನ ಕತೆ ಇನ್ನೂ ಸ್ವಾರಸ್ಯದ್ದು. ಫ್ರೆಡ್ಡಿ ಮರ್ಕ್ಯುರಿ ಆದಮೇಲೆ ಅವನ ಕ್ವೀನ್ ತಂಡ 1979ರಲ್ಲಿ ‘ಲೈವ್ ಕಿಲ್ಲರ್ಸ್’ ಹೊರತಂದಿತು. ಅದರಲ್ಲಿ ‘ಬೊಹೀಮಿಯನ್ ರ‍್ಯಾಪ್ಸಡಿ’ಯ ಒಪೆರಾ ಭಾಗ ಬಂದಾಗ ಕೇಳುವುದು ಸ್ಟುಡಿಯೋ ಟೇಪು. ಪದರ ಪದರವಾಗಿ ಮುದ್ರಿಸಿದ ಆ ಕಂಠಗಳನ್ನು ನಾಲ್ಕು ಜನ ವೇದಿಕೆಯಲ್ಲಿ ಹಾಡುವುದು ಸಾಧ್ಯವಿರಲಿಲ್ಲ. ಹಾಗೆ ನಟಿಸಲೂ ಇಲ್ಲ. ಟೇಪು ಓಡುವಾಗ ವೇದಿಕೆ ಬಿಟ್ಟು ಹೋಗುತ್ತಿದ್ದರು. ಕದ್ದು ತಿದ್ದುವುದಕ್ಕಿಂತ ಇದು ಮರ್ಯಾದೆಯ ದಾರಿ.

ಇದಕ್ಕೆ ತದ್ವಿರುದ್ಧವಾದದ್ದು ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ನಡೆದ ಕಛೇರಿ. ಕವರು ಕಳ್ಳ ರೆಕಾರ್ಡಿನ ಥರ ಬರಿಯ ಕಂದು ರಟ್ಟು, ಮೇಲೊಂದು ರಬ್ಬರ್ ಸ್ಟಾಂಪು. ಒಳಗೆ ಹಳೆಯ ಕಾಗದಗಳ ನಕಲುಗಳು. ಅವುಗಳಲ್ಲಿ ಒಂದು, ಇಎಂಐ ಕಂಪನಿ ಹಿಂದೊಮ್ಮೆ ತಂಡವನ್ನು ಬೇಡವೆಂದ ಪತ್ರ. ಮುದ್ರಣದಲ್ಲಿ ತಂತಿಗಳ ದೋಷದಿಂದ ಚಟಪಟ ಸದ್ದು ಸೇರಿಕೊಂಡಿತ್ತು. ಆ ಸದ್ದು ಇರಲಿ, ಸರಿಪಡಿಸಬೇಡಿ ಎಂದು ಲೇಬಲ್ಲಿನ ಮೇಲೆ ಕೈಬರಹದಲ್ಲೇ ಬರೆಸಿದರು. ಎರಡು ಗಂಟೆಗೂ ಮೀರಿದ ಕಛೇರಿಯಿಂದ ಎಲ್‌ಪಿಗೆ ದಕ್ಕಿದ್ದು ಆರು ಹಾಡು. 1995ರ ಸಿಡಿಯಲ್ಲಿ ಅದು ಹದಿನಾಲ್ಕಕ್ಕೆ ಏರಿತು. ಆ ಹೊತ್ತಿಗೆ ಕಂಪ್ಯೂಟರು ಬಂದಿತ್ತು, ಲೇಬಲ್ಲಿನ ಸೂಚನೆಯನ್ನು ಬದಿಗಿಟ್ಟು ಚಟಪಟವನ್ನೂ ಒರೆಸಿ ಹಾಕಿದರು.