ಕಾಗಿಣಾ ಕಣಿವೆಯ ಹಳೆಯ ಹಾದಿ: ಚಿಂಚೋಳಿಯಿಂದ ಶಹಾಬಾದಿನವರೆಗೆ

1. ಪೀಠಿಕೆ

ಗುಡ್ಡ, ಒಣಬಯಲು, ಹಳೆಯ ಪಟ್ಟಣ ಇವುಗಳ ನಡುವಿನ ಭೂಮಾರ್ಗದ ಪ್ರಯಾಣವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ದೂರದೇಶಗಳ ಕಡೆಗೆ ಹರಿಯುವುದು ಸಹಜ. ಉತ್ತರ ಆಫ್ರಿಕೆಯ ಬರ್ಬರರ ನಾಡಿನಲ್ಲಿ ಅಟ್ಲಾಸ್ ಪರ್ವತಗಳಿಂದ ಇಳಿದು, ಮಣ್ಣುಗೋಡೆಯ ಊರುಗಳನ್ನು ಹಾಯ್ದು, ಮರುಭೂಮಿಯನ್ನು ಸೇರುವ ಒಂಟೆಸಾಲುಗಳ ಚಿತ್ರವು ಪಠ್ಯಪುಸ್ತಕಗಳಿಂದ ಎಲ್ಲರಿಗೂ ಪರಿಚಿತವಾಗಿದೆ. ಆ ನಾಡಿನ ತಾಂಜೀರ್ ಪಟ್ಟಣದಲ್ಲಿ 1304ರಲ್ಲಿ ಜನಿಸಿದ, ಬರ್ಬರ ಮೂಲದ ಇಬ್ನ್ ಬತೂತನು 1333ರಲ್ಲಿ ಭಾರತಕ್ಕೆ ಬಂದು, 1342ರಲ್ಲಿ ದೆಹಲಿಯಿಂದ ಹೊರಟು ದೇವಗಿರಿಯ ದೌಲತಾಬಾದನ್ನೂ ಬಳಿಕ ಪಶ್ಚಿಮ ಕರಾವಳಿಯ ಹೊನ್ನಾವರವನ್ನೂ ಕಂಡನು. 1352ರಲ್ಲಿ ಸಿಜಿಲ್ಮಾಸದಿಂದ ಹೊರಟು ಸಹಾರಾವನ್ನು ದಾಟಿದನು. ಆದರೆ ಅವನ ದಾರಿ ನಮ್ಮ ಕಾಗಿಣಾ ಕಣಿವೆಯನ್ನು ಮುಟ್ಟಲಿಲ್ಲ.

ಅವನು ಕಾಣದ ಆ ಕಣಿವೆಯನ್ನು ನಾವೂ ಸರಿಯಾಗಿ ಕಂಡಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ. ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಇವು ಇಂದು ಅನೇಕರಿಗೆ ರೈಲುನಿಲ್ದಾಣಗಳ ಹೆಸರುಗಳು ಅಥವಾ ಸಿಮೆಂಟು ಚೀಲದ ಮೇಲಿನ ವಿಳಾಸಗಳು ಮಾತ್ರ. ಇವುಗಳನ್ನು ಒಂದೇ ಹಾದಿಯ ಬೀಡುಗಳೆಂದು ಎಣಿಸಿ, ಕ್ರಮವಾಗಿ ಸಾಗುತ್ತ ಬಂದರೆ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ನಿರೂಪಿಸುತ್ತೇವೆ. ಇಲ್ಲಿ ಹಾದಿಯನ್ನು ನಿರ್ಣಯಿಸಿದುದು ಅರಸರಿಗಿಂತ ಮೊದಲು ಕಲ್ಲು, ಮಣ್ಣು ಮತ್ತು ನೀರು ಎಂಬುದು ನಮ್ಮ ಮುಖ್ಯ ಪ್ರತಿಪಾದನೆ.

2. ನೆಲದ ರಚನೆ

ಚಿಂಚೋಳಿಯ ಗುಡ್ಡಗಳಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ನೆಲವು ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದು ಕಾಣುತ್ತದೆ. ಗುಡ್ಡಗಳು ದಖ್ಖನ್ನಿನ ಜ್ವಾಲಾಮುಖಿ ಶಿಲೆಯವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಆರಿ ಈ ಕಪ್ಪು ಶಿಲೆಯಾಯಿತು. ಅದರ ನೆತ್ತಿಯ ಮೇಲೆ ಅಲ್ಲಲ್ಲಿ ಕೆಂಪು ಮುರಕಲ್ಲಿನ ಹೊದಿಕೆಯುಂಟು. ದಕ್ಷಿಣಕ್ಕೆ ಬಂದಂತೆ ಲಾವಾದ ಅಂಚು ಮುಗಿದು, ಅದರ ಅಡಿಯಲ್ಲಿದ್ದ ಬಹು ಪ್ರಾಚೀನವಾದ ಸುಣ್ಣಕಲ್ಲು ತಲೆಯೆತ್ತುತ್ತದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಸ್ತರಸಮೂಹವೆಂದು ಕರೆದಿದ್ದಾರೆ. ಕೇಂಬ್ರಿಯನ್ ಯುಗಕ್ಕೂ ಹಿಂದಿನ ಆಳವಿಲ್ಲದ ಸಮುದ್ರದಲ್ಲಿ ತೆಳುಪದರಗಳಾಗಿ ನೆಲೆಗೊಂಡ ಈ ಕಲ್ಲಿನ ಒಂದು ಸ್ತರಕ್ಕೆ ಶಹಾಬಾದಿನ ಹೆಸರೇ ನಿಂತಿದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ, ಜನರು ಪರಸಿಯೆನ್ನುವ ಬೂದುಬಣ್ಣದ ಚಪ್ಪಡಿ ಇದೇ.

ಈ ಎರಡು ಶಿಲೆಗಳ ಮೇಲೂ ಬಹುಮಟ್ಟಿಗೆ ಎರೆಮಣ್ಣು ಹಬ್ಬಿದೆ. ಎರೆಮಣ್ಣಿನ ಗುಣವನ್ನು ತಿಳಿಯದೆ ಈ ಸೀಮೆಯ ಪ್ರಯಾಣದ ಇತಿಹಾಸವನ್ನು ತಿಳಿಯಲಾಗದು. ಬೇಸಗೆಯಲ್ಲಿ ಅದು ಗೇಣುಗಟ್ಟಲೆ ಬಾಯಿಬಿಡುತ್ತದೆ. ಮಳೆಯಲ್ಲಿ ಉಬ್ಬಿ ಅಂಟಾಗಿ ಬಂಡಿಯ ಗಾಲಿಯನ್ನು ಹಿಡಿದುಬಿಡುತ್ತದೆ. ವರ್ಷದ ಮಳೆ ಸರಾಸರಿ 750ರಿಂದ 800 ಮಿಲಿಮೀಟರಿನಷ್ಟೇ ಆದರೂ ಅದರ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಸುರಿದುಹೋಗುವುದು. ಆದುದರಿಂದ ಇದು ಮರುಭೂಮಿಯಲ್ಲವಾದರೂ ಎರಡು ಬಗೆಯ ಕಷ್ಟಗಳನ್ನು ದಾರಿಗನ ಮುಂದಿಡುವ ನಾಡು: ವೈಶಾಖದಲ್ಲಿ ನೀರಿಲ್ಲ, ಶ್ರಾವಣದಲ್ಲಿ ದಾರಿಯಿಲ್ಲ. ಇವೆರಡರ ನಡುವಣ, ದಸರೆಯಿಂದ ಯುಗಾದಿಯವರೆಗಿನ ತಿಂಗಳುಗಳೇ ಸೈನ್ಯಕ್ಕೂ ವ್ಯಾಪಾರಿಗೂ ಅನುಕೂಲವಾದ ಕಾಲ.

ಸುಣ್ಣಕಲ್ಲು ಮೇಲೆದ್ದು ಬಂದಿರುವ ಕಡೆ ಮಾತ್ರ ಈ ನಿಯಮ ಸಡಿಲವಾಗುತ್ತದೆ. ಅಲ್ಲಿ ನೆಲವು ಚಪ್ಪಟೆಯಾಗಿ, ಗಟ್ಟಿಯಾಗಿ, ದೈವವೇ ಹಾಸಿದ ಹಾಸುಗಲ್ಲಿನಂತಿರುತ್ತದೆ, ಕಾಲು ಹೂಳುವುದಿಲ್ಲ. ಅದರ ಪಕ್ಕದಲ್ಲಿಯೇ ಕಾಗಿಣಾ ನದಿ ಪಶ್ಚಿಮಾಭಿಮುಖವಾಗಿ ಹರಿದು, ಚಿಂಚೋಳಿಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು, ಕೊನೆಗೆ ಹೊನಗುಂಟದ ಬಳಿ ಭೀಮೆಯನ್ನು ಸೇರುತ್ತದೆ. ಗಟ್ಟಿ ನೆಲ ಮತ್ತು ಕುಡಿಯುವ ನೀರು ಜೊತೆಯಾಗಿ ದೊರೆಯುವ ಪಟ್ಟಿಯೇ ಹಾದಿಯಾಗುವುದು ಅನಿವಾರ್ಯ.

3. ಚಿಂಚೋಳಿ: ಗುಡ್ಡ ಮತ್ತು ಹೇರೆತ್ತು

ಚಿಂಚೋಳಿಯ ಕಾಡು ಬಯಲುಸೀಮೆಯಲ್ಲಿ ಅಪರೂಪವಾದುದು. 2011ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂದು ಅದು ಹೆಸರಾಗಿದೆ. ಚಂದ್ರಂಪಳ್ಳಿಯ ಜಲಾಶಯ, ಎತ್ತಿಪೋತದ ಜಲಪಾತ ಇವುಗಳನ್ನು ನೋಡಲು ಬರುವವರುಂಟು. ಆದರೆ ಪ್ರಯಾಣದ ಇತಿಹಾಸದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಗುಡ್ಡಗಳ ಮಗ್ಗುಲಲ್ಲಿರುವ ಲಂಬಾಣಿ ತಾಂಡಾಗಳು.

ಬರ್ಬರರ ನಾಡಿನಲ್ಲಿ ಒಂಟೆ ಮಾಡಿದ ಕೆಲಸವನ್ನು ದಖ್ಖನ್ನಿನಲ್ಲಿ ಹೇರೆತ್ತು ಮಾಡಿತು. ಬಂಡಿ ಹೋಗಲಾರದ ಎರೆಹೊಲದಲ್ಲಿಯೂ ಗುಡ್ಡದ ಕಾಲುದಾರಿಯಲ್ಲಿಯೂ ಎತ್ತು ಹೋಗಬಲ್ಲದು. ಲಂಬಾಣಿಗರು ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ಸಂಚರಿಸಿದರು. ಮೊಗಲರ ದಂಡಿಗೂ ಆ ಬಳಿಕ ಇಂಗ್ಲಿಷರ ದಂಡಿಗೂ ಕಾಳನ್ನು ಒದಗಿಸಿದರು. ಅವರು ಹುಡುಕುತ್ತಿದ್ದುದು ಊರನ್ನಲ್ಲ, ಮೇವನ್ನೂ ನೀರನ್ನೂ. ಆದ್ದರಿಂದ ಕಾಡಿನ ಅಂಚು ಅವರಿಗೆ ಸಹಜವಾದ ಬೀಡು. 19ನೆಯ ಶತಮಾನದಲ್ಲಿ ರೈಲುಮಾರ್ಗಗಳು ಬಂದ ಮೇಲೆ ಈ ವೃತ್ತಿ ಅಳಿಯಿತು. ಬೀಡುಗಳು ನೆಲೆನಿಂತು ತಾಂಡಾಗಳಾದವು. ವೃತ್ತಿ ಹೋದರೂ ನಡಿಗೆ ತಪ್ಪಲಿಲ್ಲ. ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕೂಲಿಗಾಗಿ ಹೋಗುವ ಕುಟುಂಬಗಳು ಇಂದಿಗೂ ಈ ತಾಂಡಾಗಳಲ್ಲಿ ಅನೇಕ. 2020ರ ಬೇಸಗೆಯಲ್ಲಿ ಸಾಂಕ್ರಾಮಿಕದ ಕಾರಣ ರೈಲುಗಳು ನಿಂತಾಗ ಇಂಥ ಕೂಲಿಗಾರರು ದೇಶದ ಎಲ್ಲೆಡೆಯೂ ನಡೆದೇ ಊರು ಸೇರಬೇಕಾಯಿತು. ಭೂಮಾರ್ಗದ ಪ್ರಯಾಣವು ಹಿಂದಿನ ಕಾಲದ ಸಂಗತಿಯೆಂದು ಭಾವಿಸುವವರು ಇದನ್ನು ಮರೆಯಬಾರದು.

4. ಸೇಡಂ ಮತ್ತು ಮಳಖೇಡ

ಗುಡ್ಡದಿಂದ ಇಳಿದು ಬಂದರೆ ಸೇಡಂ. ಶಾಸನಗಳಲ್ಲಿ ಇದರ ಹೆಸರು ಸೇಡಿಂಬ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಮುನ್ನೂರು ಮಹಾಜನರ ಅಗ್ರಹಾರವಾಗಿತ್ತು. ವೈದಿಕ ವಿದ್ವಾಂಸರ ಆ ಸಂಘವೇ 12ನೆಯ ಶತಮಾನದಲ್ಲಿ ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ ಸಂಗತಿ ಶಾಸನದಿಂದ ತಿಳಿದುಬರುತ್ತದೆ. ಹಾದಿಯ ಮೇಲಿನ ಊರಿನಲ್ಲಿ ಹಲವು ಮತದವರು ಕೂಡಿ ಬಾಳುವುದು ಆಗ ಆಶ್ಚರ್ಯದ ಸಂಗತಿಯಾಗಿರಲಿಲ್ಲ.

ಸೇಡಂ ತಾಲೂಕಿನಲ್ಲಿಯೇ, ಕಾಗಿಣಾ ನದಿಯ ದಂಡೆಯ ಮೇಲೆ, ಮಳಖೇಡವಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ಇದನ್ನು ರಾಜಧಾನಿಯಾಗಿ ಮಾಡಿದನು. ಕನ್ನಡದ ಉಪಲಬ್ಧ ಕೃತಿಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ' ಹುಟ್ಟಿದುದು ಅವನ ಆಸ್ಥಾನದಲ್ಲಿ. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಅದೇ ಅರಸನನ್ನು ಸ್ತುತಿಸುತ್ತದೆ. ಅಪಭ್ರಂಶದ ಮಹಾಕವಿ ಪುಷ್ಪದಂತನು 10ನೆಯ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿ ತನ್ನ ಮಹಾಪುರಾಣವನ್ನು ರಚಿಸಿದನು.

ಪರದೇಶದ ವ್ಯಾಪಾರಿಗಳು ಈ ಹಾದಿಯನ್ನು ಕುರಿತು ಕೇಳಿಬಲ್ಲವರಾಗಿದ್ದರು. 851ರ ಅರಬ್ಬೀ ವೃತ್ತಾಂತವು ಬಲ್ಹರಾ ಎಂಬ ಅರಸನನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಬಲ್ಹರಾ ಎಂಬುದು ವಲ್ಲಭರಾಜ ಎಂಬುದರ ರೂಪಾಂತರ. 10ನೆಯ ಶತಮಾನದ ಮಸೂದಿಯು ಅವನ ರಾಜಧಾನಿಯನ್ನು ಮಂಕೀರ್ ಎಂದು ಕರೆದು, ಅಲ್ಲಿಂದ ಸಮುದ್ರಕ್ಕೆ 80 ಸಿಂಧೀ ಫರ್ಸಂಗಗಳೆಂದೂ ಒಂದೊಂದು ಫರ್ಸಂಗಕ್ಕೆ 8 ಮೈಲಿಗಳೆಂದೂ ಹೇಳುತ್ತಾನೆ. ಲೆಕ್ಕ ಹಾಕಿದರೆ 640 ಮೈಲಿಗಳಾಗುತ್ತದೆ. ಆದರೆ ಮಳಖೇಡದಿಂದ ಕೊಂಕಣದ ತೀರಕ್ಕೆ ನೇರವಾಗಿ ಇರುವ ದೂರ 400 ಕಿಲೋಮೀಟರಿಗೆ ಸ್ವಲ್ಪ ಮೇಲೆ, ಎಂದರೆ 260 ಮೈಲಿಗಳಷ್ಟು ಮಾತ್ರ. ಬಂದರಿನಲ್ಲಿ ಕುಳಿತು ಕೇಳಿದವನಿಗೆ ಘಟ್ಟವನ್ನೂ ಎರೆಬಯಲನ್ನೂ ದಾಟಿ ಬಂದವನು ಹೇಳಿದ ದೂರವು ಆಯಾಸದ ಅಳತೆಯಾಗಿದ್ದಿರಬಹುದೆಂದು ನಾವು ಊಹಿಸುತ್ತೇವೆ.

ಇಂಥ ರಾಜಧಾನಿಯಲ್ಲಿ ಇಂದು ಏನಿದೆ? ನದಿಯ ಅಂಚಿನಲ್ಲಿ ಒಡೆದ ಕೋಟೆ, ನೇಮಿನಾಥ ಬಸದಿ, ಮಾಧ್ವಯತಿ ಅಕ್ಷೋಭ್ಯತೀರ್ಥರ ಬೃಂದಾವನ, ಒಂದು ದರ್ಗಾ ಮತ್ತು ಊರು. ನೋಡಬಂದ ವಿದ್ಯಾರ್ಥಿಗಳು "ಇಷ್ಟೇ ಏನು?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ, ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

5. ರಾಜಧಾನಿ ಹೇಗೆ ಮರೆಯಾಯಿತು?

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿದನು. 11ನೆಯ ಶತಮಾನದಲ್ಲಿ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಆದರೆ ಸೂರೆಯೊಂದರಿಂದ ಪಟ್ಟಣದ ಕಲ್ಲುಗಳು ಮಾಯವಾಗವು. ಇಲ್ಲಿಯ ಕಲ್ಲಿನ ಸ್ವಭಾವವನ್ನೇ ನೋಡಬೇಕು. ಎಲ್ಲೋರದ ಕೈಲಾಸದಂತೆ ಇದು ಬೆಟ್ಟದಲ್ಲಿ ಕೊರೆದುದಲ್ಲ. ಪದರ ಬಿಡಿಸಿ ಎತ್ತಿದ ಚಪ್ಪಡಿ. ಒಬ್ಬ ಕಲ್ಲುಕುಟಿಗನು ನಮ್ಮೆದುರಿಗೆ ಉಳಿಯನ್ನು ಪದರದ ಸಂದಿಗಿಟ್ಟು ನಾಲ್ಕಾರು ಪೆಟ್ಟಿನಲ್ಲಿ ಆಳುದ್ದದ ಹಲಗೆಯನ್ನು ಬೇರ್ಪಡಿಸಿ ತೋರಿಸಿದನು. ಕಟ್ಟಲು ಇಷ್ಟು ಸುಲಭವಾದ ಕಲ್ಲು ಕಿತ್ತೊಯ್ಯಲೂ ಅಷ್ಟೇ ಸುಲಭ. ಅರಮನೆಯ ಹಲಗೆ ಮುಂದಿನವನ ಕೋಟೆಗೂ, ಅದರ ಮುಂದಿನವನ ಮನೆಯ ಕಟ್ಟೆಗೂ ಒದಗುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಚಿತ್ತಾಪುರ ಸೀಮೆಯ ಸನ್ನತಿಯೇ ಸಾಕ್ಷಿ. ಭೀಮಾತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ಆಗ ನೋಡಿದರೆ ಅದು ಅಶೋಕನ ಶಾಸನ! 12 ಮತ್ತು 14ನೆಯ ಬಂಡೆಶಾಸನಗಳೊಂದಿಗೆ ಎರಡು ಪ್ರತ್ಯೇಕ ಶಾಸನಗಳೂ ಆ ಹಲಗೆಯಲ್ಲಿದ್ದವು; ವಿಗ್ರಹವನ್ನು ನಿಲ್ಲಿಸಲು ನಡುವೆ ಕುಳಿ ಕೊರೆದಿದ್ದರು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು ಅಗೆದಾಗ ಇದೇ ಜಾತಿಯ ಸುಣ್ಣಕಲ್ಲಿನ ಮಹಾಸ್ತೂಪವು ಹೊರಬಂದಿತು. ಅದರ ಒಂದು ಫಲಕದಲ್ಲಿ ಪರಿವಾರಸಮೇತನಾದ ಅರಸನ ಚಿತ್ರವೂ 'ರಾಯೋ ಅಸೋಕೋ' ಎಂಬ ಬ್ರಾಹ್ಮೀ ಬರಹವೂ ಉಂಟು. ಅಗೆಯುವುದಕ್ಕೆ ಮೊದಲು ಅದು ಹೊಲದೊಳಗಿನ ಒಂದು ದಿಬ್ಬ. ಮಾನ್ಯಖೇಟದ ದಿಬ್ಬಗಳನ್ನು ನೋಡುವಾಗ ಈ ಪಾಠವನ್ನು ನೆನೆಯಬೇಕು.

6. ನಾಗಾವಿ, ವಾಡಿ, ಶಹಾಬಾದ

ಚಿತ್ತಾಪುರದ ಸಮೀಪದ ನಾಗಾವಿ ಇಂದು ಎಲ್ಲಮ್ಮನ ಜಾತ್ರೆಗೆ ಪ್ರಸಿದ್ಧ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ 1058ರ ಶಾಸನದ ಪ್ರಕಾರ ಇದು ದೊಡ್ಡ ಘಟಿಕಾಸ್ಥಾನವಾಗಿತ್ತು. ದಂಡನಾಯಕ ಮಧುಸೂದನನು ವೇದಾಧ್ಯಯನ ಮಾಡುವ 200 ಮಂದಿಗೂ ಶಾಸ್ತ್ರ ಓದುವವರಿಗೂ ಉಪಾಧ್ಯಾಯರಿಗೂ ಇಲ್ಲಿ ವೃತ್ತಿಗಳನ್ನು ಬಿಟ್ಟನು. ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರೇ ಆರು ಮಂದಿ. ದೂರದಿಂದ ವಿದ್ಯಾರ್ಥಿಗಳು ಬಂದು ಸೇರಲು ಹಾದಿ ಬೇಕು. ಅವರನ್ನು ಸಾಕಲು ಎರೆಭೂಮಿಯ ಕಾಳು ಬೇಕು. ಎರಡೂ ಇಲ್ಲಿ ಇದ್ದವು.

ವಾಡಿಯ ಹೆಸರನ್ನು ಕೇಳಿ ಅರಬ್ಬರ ಒಣನದಿಯ ಪಾತ್ರಕ್ಕೆ ಹೇಳುವ 'ವಾದಿ' ಎಂಬ ಶಬ್ದವನ್ನು ನೆನೆಯುವವರುಂಟು. ಇದು ಧ್ವನಿಸಾಮ್ಯ ಮಾತ್ರ; ನಮ್ಮ ವಾಡಿ ಸಣ್ಣ ಊರೆಂಬ ಅರ್ಥದ ದೇಶ್ಯ ಪದ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೋಯಿತು. ಈ ಎರಡನೆಯ ಮಾರ್ಗವು ಹಿಡಿದ ನಿಲ್ದಾಣಗಳ ಸಾಲು ಗಮನಾರ್ಹ: ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು. ಸಾವಿರ ವರ್ಷಗಳ ಹಿಂದೆ ರಾಜಧಾನಿಯನ್ನು ನೆಲೆಗೊಳಿಸಿದ ಗಟ್ಟಿ ನೆಲದ ಪಟ್ಟಿಯನ್ನೇ ರೈಲೂ ಹಿಡಿದುದನ್ನು ಇಲ್ಲಿ ಕಾಣುತ್ತೇವೆ.

ರೈಲು ಬಂದ ಬಳಿಕ ಕಲ್ಲೇ ಪ್ರಯಾಣ ಹೊರಟಿತು. ಶಹಾಬಾದಿನ ಪರಸಿ ದಖ್ಖನ್ನಿನ ಅಂಗಳಗಳನ್ನೂ ನಿಲ್ದಾಣಗಳ ಕಟ್ಟೆಗಳನ್ನೂ ಮುಚ್ಚಿತು. 20ನೆಯ ಶತಮಾನದಲ್ಲಿ ಸುಣ್ಣಕಲ್ಲು ಸಿಮೆಂಟಾಯಿತು. ಮೊದಲು ಶಹಾಬಾದ, 1968ರಲ್ಲಿ ವಾಡಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳಲ್ಲಿ ಕಾರ್ಖಾನೆಗಳೆದ್ದವು. ಸಾವಿರಾರು ಮನೆಗಳಿಗೆ ಇವುಗಳಿಂದ ಅನ್ನ ದೊರೆತಿದೆ. ಇದನ್ನು ಕಡೆಗಣಿಸಿ ಮಾತನಾಡುವುದು ಸರಿಯಲ್ಲ. ಆದರೆ ಉಳಿಯಿಂದ ಎತ್ತಿದ ಚಪ್ಪಡಿಯಲ್ಲಿ ಶಾಸನವಿದ್ದರೆ ಅದು ಇನ್ನೊಂದು ಗೋಡೆಯಲ್ಲಾದರೂ ಉಳಿಯುತ್ತದೆ, ಸನ್ನತಿಯಲ್ಲಿ ಉಳಿದಂತೆ. ಅರೆದು ಸುಟ್ಟ ಕಲ್ಲಿನಲ್ಲಿ ಏನೂ ಉಳಿಯದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸ್ತೂಪ, ರಾಜಧಾನಿ, ಘಟಿಕಾಸ್ಥಾನ, ರೈಲು, ಕಾರ್ಖಾನೆ ಇವು ಒಂದೇ ಸುಣ್ಣಕಲ್ಲಿನ ಪಟ್ಟಿಯನ್ನು ಆಶ್ರಯಿಸಿದವು. ಎರಡನೆಯದಾಗಿ, ಮಾನ್ಯಖೇಟದಲ್ಲಿ ಕಾಣುವುದು ಕಡಿಮೆಯೆಂದರೆ ಇದ್ದುದು ಕಡಿಮೆಯೆಂದಲ್ಲ. ಅದರ ಕಲ್ಲು ಚದರಿದೆ, ಅಡಿಪಾಯ ಮಣ್ಣಿನಲ್ಲಿದೆ. ಮೂರನೆಯದಾಗಿ, ಈ ಅಡಿಪಾಯಕ್ಕೂ ಗಣಿಗೂ ಬೇಕಾದ ನೆಲ ಒಂದೇ ಆಗಿರುವುದರಿಂದ ನಮಗೆ ಉಳಿದಿರುವ ಕಾಲ ಅಮಿತವಲ್ಲ.

ಆದುದರಿಂದ ಮಳಖೇಡದ ಸುತ್ತಲಿನ ದಿಬ್ಬಗಳನ್ನೂ, ಹಳೆಯ ಬಾವಿಗಳನ್ನೂ, ಮನೆಗಳ ಗೋಡೆಗಳಲ್ಲಿ ಸೇರಿರುವ ಬರಹದ ಕಲ್ಲುಗಳನ್ನೂ ಮೊದಲು ನಕಾಶೆಯಲ್ಲಿ ಗುರುತಿಸಬೇಕು. ಹೊಸ ಗಣಿಯ ಎಲ್ಲೆಯನ್ನು ಆ ಬಳಿಕ ಗೊತ್ತುಮಾಡಬೇಕು. ತಾಂಡಾದ ಹಿರಿಯರ ನೆನಪಿನಲ್ಲಿರುವ ಬೀಡುಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಅಪಾರವಾದ ಧನ ಬೇಡ. ದಸರೆಯಿಂದ ಯುಗಾದಿಯವರೆಗಿನ ಅನುಕೂಲ ಕಾಲದಲ್ಲಿ, ಹಿಂದಿನವರಂತೆಯೇ, ನಡೆಯಬಲ್ಲ ವಿದ್ಯಾರ್ಥಿಗಳು ಸಾಕು. ಮುಂದಿನ ವರ್ಷ ಈ ಹಾದಿಯನ್ನು ಹಿಡಿಯುವವರಿಗೆ ಈ ಲೇಖನವು ಕೈಗಂಬವಾದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.